ಕ್ಯಾರಮೆಲ್ ಪೊಟ್ಟಣದಲ್ಲಿ ನಿಂಬೆ ಚಹಾ

ಮಾರ್ಚ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಾ? ಮಕ್ಕಳಿಗೆ ನೆಗಡಿ ಬಿಟ್ಟಿತೇ? ನಿನ್ನ ಎರಡೂ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ನಾಲ್ಕು ಸಲ ಬರೆಯಲು ಕೂತೆ. ‘ನಿನ್ನ ಅಣ್ಣ’ ಎಂದು ಬರೆಯುವಷ್ಟರಲ್ಲಿ ಕೈ ನಿಂತುಹೋಗಿ ಎದ್ದುಬಿಟ್ಟೆ. ಇವತ್ತು ಏಳುವುದಿಲ್ಲ ಎಂದು ಹಟ ಹಿಡಿದು ಕೂತಿದ್ದೇನೆ. ನನ್ನವರು ಅಂತ ಈಗ ಉಳಿದಿರುವವಳು ನೀನೊಬ್ಬಳೇ. ನಿನ್ನನ್ನು ಕಾಯಿಸುವುದು ಸರಿಯಲ್ಲ.

ಎರಡು ಕಾಗದದಲ್ಲೂ ನೀನು ಕೇಳಿದ್ದು ಒಂದೇ ಪ್ರಶ್ನೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದುಕೊಂಡು ಕೇಳಿದ್ದೂ ಅದನ್ನೇ. “ಅತ್ತಿಗೆ, ಅಣ್ಣಂಗೆ ಮುಂಚೆ ಏನೂ ಗೊತ್ತಾಗ್ಲಿಲ್ವಾ? ಏನೂ ಹೇಳ್ಲಿಲ್ವಾ?” ಆಗ ನಾನು ಇಲ್ಲ ಎಂದು ತಲೆಯಾಡಿಸಿದ್ದೆ. ಈಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅದಕ್ಕೆ ಮುಂಚೆ ಇಲ್ಲಿನ ಸುದ್ದಿ. ನಿನ್ನ ಅಣ್ಣನ ಅಂಗಡಿಯ ಬೀಗದ ಕೈ ಮಾಲೀಕರಿಗೆ ಕೊಟ್ಟೆ. ಹೊಲಿಗೆ ಯಂತ್ರ ಮನೆಗೆ ಬಂದು ಕಿಟಕಿಯ ಪಕ್ಕ ಕೂತಿದೆ. ತೋಳು ಹಚ್ಚುವುದಷ್ಟೇ ಬಾಕಿಯಿದ್ದ ಒಂದು ಕೋಟನ್ನು ಪಕ್ಕದ ಬೀದಿಯ ದರ್ಜಿ ಮುಗಿಸಿಕೊಟ್ಟರು. “ನಿಮ್ಮ ಯಜಮಾನ್ರ ಕಟಿಂಗ್ ಇದ್ದ ಮೇಲೆ ನಾನು ಮಾಡೋದೇನಿತ್ತಮ್ಮಾ” ಎಂದು ಕಣ್ಣೊರೆಸಿಕೊಂಡರು. ನಾನೂ ಚಹಾ ಕಂಪನಿಯ ರುಚಿ ನೋಡುವ ಕೆಲಸಕ್ಕೆ ಹೋಗುತ್ತಿದ್ದೇನೆ. ಅದೇ ಉದ್ದನೆಯ ಮೇಜು, ಬಿಳಿ ಬಟ್ಟಲುಗಳ ಸಾಲು, ಚಮಚದಲ್ಲಿ ಚಹಾ ಸೊರ್ರೆಂದು ಹೀರಿ ಉಗಿಯುವುದು. “ದಿನವಿಡೀ ಉಗಿಯೋ ಕೆಲಸ, ಅದಕ್ಕೆ ಬೇರೆ ಗತ್ತು ನೋಡು” ಎಂದು ನಿನ್ನ ಅಣ್ಣ ಮದುವೆಯಾದಾಗಿನಿಂದ ನನ್ನನ್ನು ರೇಗಿಸುತ್ತಿದ್ದರು.

ಹೋದ ವರ್ಷ ನಮ್ಮ ಕಂಪನಿ ಸಿಹಿತಿಂಡಿಯ ಪರಿಮಳದ ಚಹಾಗಳನ್ನು ಶುರುಮಾಡಿತು. ಕ್ಯಾರಮೆಲ್ ಕಸ್ಟರ್ಡ್, ಚಾಕೊಲೇಟ್ ಕೇಕ್, ಸೇಬಿನ ಪೈ, ನಿಂಬೆ ಟಾರ್ಟ್. ಸಕ್ಕರೆ ಒಂದು ಹರಳೂ ಇಲ್ಲ, ಎಲ್ಲ ಪರಿಮಳದ ಆಟ. ಇಪ್ಪತ್ತೆರಡು ವರ್ಷ ಬರೀ ಎಲೆಯ ರುಚಿ ನೋಡಿದ ನಾನು ಮೂಗು ಮುರಿದೆ. ಒಳ್ಳೆ ಚಹಾಕ್ಕೆ ವೇಷ ಕಟ್ಟುವುದೇಕೆ ಎಂದು ಮ್ಯಾನೇಜರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿಯೂಬಿಟ್ಟೆ. ಆದರೆ ಡಾಕ್ಟರು ನಿನ್ನ ಅಣ್ಣನಿಗೆ ಸಿಹಿ ಬಿಡಿಸಿ ಆರು ವರ್ಷವಾಗಿತ್ತಲ್ಲ, ಒಂದೊಂದು ಪೊಟ್ಟಣ ಮನೆಗೆ ತಂದೆ.

ಮೊದಲ ಭಾನುವಾರ ಕ್ಯಾರಮೆಲ್. ಬಟ್ಟಲಿಗೆ ಮೂಗು ಹಾಕಿದವರು ಐದು ನಿಮಿಷ ತಲೆ ಎತ್ತಲಿಲ್ಲ. “ಇದು ಟೀ ಅಲ್ಲ ಕಣೇ, ಲಂಚ” ಅಂದರು. ಚಾಕೊಲೇಟಿನದನ್ನು ಕುಡಿದು, “ವೆಲ್ವೆಟ್ಟು. ಕೈಯಾಡಿಸ್ತಾನೇ ಇರ್ಬೇಕು ಅನ್ಸುತ್ತೆ” ಅಂದರು. ಸೇಬಿನ ಪೈ ಅಸ್ತರು ಕೊಟ್ಟ ಉಣ್ಣೆ ಕೋಟಂತೆ, ನಿಂಬೆ ಈಗಷ್ಟೇ ಇಸ್ತ್ರಿಯಾದ ಹತ್ತಿ ಅಂಗಿಯಂತೆ. ಆ ಮಾತುಗಳನ್ನು ನಾನು ಕದ್ದು ಆಫೀಸಿನ ಪುಸ್ತಕದಲ್ಲಿ ಬರೆದು ಶಹಬ್ಬಾಸ್ ಅನ್ನಿಸಿಕೊಂಡೆ. ಭಾನುವಾರ ನಾಲ್ಕು ಗಂಟೆಯ ಆ ಚಹಾವನ್ನು ಮಾತ್ರ ನಾನು ಉಗಿಯದೆ ಕುಡಿಯುತ್ತಿದ್ದೆ. ಅಷ್ಟು ಸುಖವಾಗಿದ್ದೆವು, ಗುಬ್ಬಿ.

ಜುಲೈ ದಾಟಿದ ಮೇಲೆ ಬಟ್ಟೆಯ ಮಾತು ನಿಂತಿತು. “ಚಾಕೊಲೇಟ್ ಕೇಕು, ಚೆನ್ನಾಗಿದೆ” ಎನ್ನುವರು, ಮುಗಿಯಿತು. ಹೆಸರು ಮಾತ್ರ ಒಂದೂ ತಪ್ಪುತ್ತಿರಲಿಲ್ಲ. ಅವರಿಗೆ ಹಳತಾಗಿರಬೇಕು ಅಂದುಕೊಂಡು ಸುಮ್ಮನಾದೆ.

ಅಕ್ಟೋಬರಿನಲ್ಲಿ ನಿಂಬೆಯ ಪೊಟ್ಟಣ ಹರಿದಿತ್ತೆಂದು ಅದನ್ನು ಖಾಲಿ ಕ್ಯಾರಮೆಲ್ ಪೊಟ್ಟಣಕ್ಕೆ ಸುರಿದಿಟ್ಟು ಮರೆತಿದ್ದೆ. ಆ ಭಾನುವಾರ ಅದನ್ನೇ ಮಾಡಿಕೊಟ್ಟೆ. ಕೋಣೆಯೆಲ್ಲ ನಿಂಬೆ ಘಮಘಮ. ನಿನ್ನ ಅಣ್ಣ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ, “ಆಹಾ, ಕ್ಯಾರಮೆಲ್ಲು” ಅಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. “ನನ್ನ ಗಂಡ ಆಗಿ ನಿಂಬೆ ಯಾವ್ದು, ಕ್ಯಾರಮೆಲ್ ಯಾವ್ದು ಗೊತ್ತಾಗಲ್ವಲ್ರೀ!” ಅವರೂ ನಕ್ಕರು, ಕಿವಿ ಕೆಂಪಾಗಿತ್ತು. ಸೋಮವಾರ ಆಫೀಸಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಆಮೇಲೆ ಐದು ಭಾನುವಾರ ಬೇಕೆಂತಲೇ ಪೊಟ್ಟಣ ಅದಲುಬದಲು ಮಾಡಿದೆ. ಐದು ಸಲವೂ ತಪ್ಪಿದರು. ನಾನು ಕ್ಯಾಲೆಂಡರಿನಲ್ಲಿ ಸೊನ್ನೆ ಹಾಕಿದೆ.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ರುಚಿ ನೋಡುವವರಿಗೆ ಮೂರು ದಿನ ವಾಸನೆ ಮಂದವಾದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಹೋದ ವರ್ಷ ಜೊತೆಯವಳೊಬ್ಬಳನ್ನು ನಾನೇ ಗದರಿಸಿ ಕರೆದುಕೊಂಡು ಹೋಗಿದ್ದೆ. ಅವಳಿಗೆ ಇದ್ದದ್ದು ಬರೀ ನೆಗಡಿ.

ಡಿಸೆಂಬರಿನಲ್ಲಿ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆಯ ಕೆಳಗೆ ಯಾರದೋ ಪ್ಯಾಂಟು ಸುಟ್ಟು ಹೋಯಿತು. ಇವರು ಅದಕ್ಕೆ ಬೆನ್ನು ಹಾಕಿ, ಒಂದು ಮಾರು ದೂರದಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದರು. ಹೊಗೆ ಕಂಡು ಎದುರಿನ ಅಂಗಡಿಯವರು ಓಡಿಬಂದರಂತೆ. ಅದೇ ವಾರ ತಲೆನೋವು, ವಾಂತಿ, ಆಸ್ಪತ್ರೆ. “ವಾಸನೆ ಗೊತ್ತಾಗೋದು ನಿಂತು ಎಷ್ಟು ದಿನ ಆಯ್ತು?” ಎಂದು ಡಾಕ್ಟರು ಕೇಳಿದರು. ನಿನ್ನ ಅಣ್ಣ ನನ್ನ ಮುಖ ನೋಡಿ, “ಈಚೆಗೆ ಸಾರ್, ಒಂದು ವಾರ” ಅಂದರು. ಹಣೆಯ ಹಿಂದೆ ಬೆಳೆದಿದ್ದ ಗಡ್ಡೆಯ ಚಿತ್ರ ತೋರಿಸಿ ಡಾಕ್ಟರು, “ಇದು ಒಂದು ವಾರದ್ದಲ್ಲಮ್ಮ. ನಾಲ್ಕೈದು ತಿಂಗಳ ಹಿಂದೆ ಬಂದಿದ್ರೆ ತೆಗೆಯೋದು ಸುಲಭ ಇತ್ತು” ಅಂದರು. ಆಪರೇಷನ್ನಿಗೆ ಒಳಗೆ ಹೋದವರು ಮತ್ತೆ ಕಣ್ಣು ಬಿಡಲಿಲ್ಲ. ಆ ಹೊತ್ತಿಗೆ ನೀನೂ ನನ್ನ ಪಕ್ಕದಲ್ಲೇ ಇದ್ದೆ.

ಇಷ್ಟು ಬರೆದು ಸಾಕಾಯಿತು. ಮಕ್ಕಳು ಚೆನ್ನಾಗಿ ಓದಲಿ, ಹೊಟ್ಟೆ ತುಂಬ ಊಟ ಮಾಡಲಿ. ನಿನ್ನ ಮನೆಯವರಿಗೆ ನನ್ನ ನಮಸ್ಕಾರ ಹೇಳು. ನಿನ್ನ ಬೆನ್ನುನೋವು ಸಣ್ಣದು ಅಂತ ಬಿಡಬೇಡ, ತೋರಿಸಿಕೋ. ನೂರು ಕಾಲ ಸುಖವಾಗಿರು ತಾಯಿ.

ನಿನ್ನ
ಅತ್ತಿಗೆ

ಮರೆತ ಮಾತು: ಮರೆತದ್ದಲ್ಲ, ಬೇಕೆಂತಲೇ ಬಿಟ್ಟದ್ದು. ನಿನ್ನ ಅಣ್ಣ ಹೇಳಿದ್ದರು, ಗುಬ್ಬಿ. ಜುಲೈನಲ್ಲಿ ಒಂದು ಭಾನುವಾರ ಬಟ್ಟಲು ಕೆಳಗಿಟ್ಟು, “ಎರಡು ವಾರದಿಂದ ನಂಗೆ ಯಾವ ವಾಸನೇನೂ ಬರ್ತಿಲ್ಲ ಕಣೇ” ಅಂದರು. ನಾನು ಓದುತ್ತಿದ್ದ ಪೇಪರಿನಿಂದ ತಲೆ ಎತ್ತದೆ, “ದರ್ಜಿಗೆ ಮೂಗ್ಯಾಕ್ರೀ, ಕಣ್ಣೆರಡು ನೆಟ್ಟಗಿದ್ರೆ ಸಾಕು” ಅಂದೆ. ಆ ಮಾತಿಗೂ ಅವರು ನಕ್ಕರು. ಮುಂದಿನ ವಾರದಿಂದ ನಾನು ನೀರು ಕಾಯಿಸುವಾಗ ಪೊಟ್ಟಣದ ಮೇಲಿನ ಹೆಸರು ಓದಿಟ್ಟುಕೊಳ್ಳುತ್ತಿದ್ದರಂತೆ. ಆಪರೇಷನ್ನಿನ ಹಿಂದಿನ ದಿನ ತಾವೇ ಹೇಳಿದರು. “ಅಷ್ಟು ಆಸೆಪಟ್ಟು ಮಾಡ್ಕೊಡ್ತಿದ್ದೆ, ನಿನ್ನ ಭಾನುವಾರ ಕೆಡಿಸೋಕೆ ಮನಸ್ಸಾಗ್ಲಿಲ್ಲ.” ಇನ್ನು ಮುಂದೆ ನೀನು ನನಗೆ ಕಾಗದ ಬರೆಯದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ.