ಉರು ಹೊಡೆದ ಸೋಲೋ

ಅಕ್ಟೋಬರ್ 14, ಮಂಗಳವಾರ

ಹೊಟ್ಟೆಕಿಚ್ಚು ಅಂತ ನೇರವಾಗಿಯೇ ಬರೆದುಬಿಡುತ್ತೇನೆ, ಇಲ್ಲಿ ಯಾರಿಗೆ ನಾಚಬೇಕು? ಶನಿವಾರದ ಜಾಜ್ ಕಾನ್ಸರ್ಟ್‌ಗೆ ಸ್ಯಾಕ್ಸೋಫೋನ್ ಸೀಟು ಒಂದೇ ಇತ್ತು. ಅದು ನನ್ನ ರೂಮ್‌ಮೇಟ್ ಗುಬ್ಬಿಗೆ ಹೋಯಿತು.

ಮೂರು ವಾರ ಗುಬ್ಬಿಗೆ ಗೊತ್ತಾಗದ ಹಾಗೆ ಕೂತು, ಒಬ್ಬಳೇ ನುಡಿಸಬೇಕಾದ ನನ್ನ ಸೋಲೋವನ್ನು ಬರೆದು ಉರು ಹೊಡೆದಿದ್ದೆ. ಜಾಜ್ ಸೋಲೋ ನುಡಿಸುವಾಗಲೇ ಹುಟ್ಟಬೇಕು ಅಂತ ನನಗೂ ಗೊತ್ತು. ಆದರೆ ಹಾಸ್ಟೆಲ್ ಶಾಲೆಯಲ್ಲಿ ಹತ್ತು ವರ್ಷ ಉರು ಹೊಡೆದೇ ಪಾಸಾದವಳು ನಾನು. ಬರೀ ಕೈಯಲ್ಲಿ ಹೋಗಲು ಧೈರ್ಯ ಬರಲಿಲ್ಲ.

ಇವತ್ತಿನ ಆಡಿಷನ್‌ನಲ್ಲಿ ಡ್ರಮ್ಮರ್ ಅರ್ಧದಲ್ಲಿ ಬೇಕೆಂದೇ ತಾಳ ಬದಲಿಸಿದ. ನನ್ನ ಸೋಲೋ ಮಾತ್ರ ಬ್ರೇಕ್ ಇಲ್ಲದ ಸೈಕಲ್ಲಿನ ಹಾಗೆ ಹಳೇ ತಾಳದಲ್ಲೇ ಓಡಿತು.

"ಏನಮ್ಮಾ, ನಾವೆಲ್ಲ ಇಲ್ಲೇ ಇದೀವಿ, ನೀನೊಬ್ಳೇ ಎಲ್ಲಿಗೆ ಹೊರಟೆ?" ಅಂದರು ನಮ್ಮ ಬ್ಯಾಂಡಿನ ಮೇಷ್ಟ್ರು. ಎಲ್ಲರೂ ನಕ್ಕರು.

ಗುಬ್ಬಿಯೂ ತಾಳ ತಪ್ಪಿದಳು. ಆದರೆ ಆ ತಪ್ಪನ್ನೇ ಮತ್ತೆ ಮತ್ತೆ ನುಡಿಸಿ, ಅವಳಜ್ಜಿಯ ಜೋಗುಳವೊಂದನ್ನು ಅದಕ್ಕೆ ಬೆಸೆದುಬಿಟ್ಟಳು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಅವಳ ಸ್ಯಾಕ್ಸೋಫೋನಿನ ಬಾಯಲ್ಲಿರುವ ರೀಡ್ ಪಟ್ಟಿ ಸೀಳಿಹೋಗಲಿ ಅಂತ ನಾನು ಹಾರೈಸಿದೆ. ಥೂ.

ಊಟಕ್ಕೆ ಕೂತಾಗ ಅವಳೇ ಕೇಳಿದಳು, "ಲೇ, ನಿನ್ ಸೋಲೋ ಸಖತ್ತಾಗಿತ್ತು ಕಣೇ. ಬರ್ಕೊಂಡಿದ್ಯಾ? ನಂಗೂ ಕೊಡೇ."

"ಬರ್ದೇ ಇಲ್ವಲ್ಲ, ಅಲ್ಲೇ ಹೊಳೀತು," ಅಂದುಬಿಟ್ಟೆ.

"ಅಷ್ಟೂನಾ?" ಅಂದವಳು ತುತ್ತು ಕೈಯಲ್ಲೇ ಹಿಡಿದು ನನ್ನನ್ನೇ ನೋಡಿದಳು. ಆ ನೋಟದಲ್ಲಿ ಒಂಚೂರು ಹೊಟ್ಟೆಕಿಚ್ಚಿತ್ತು, ನನಗದು ಚೆನ್ನಾಗಿ ಗೊತ್ತು. ಎಷ್ಟು ಹಿತವಾಯಿತೆಂದರೆ, ನಾಳೆ ನಿಜ ಹೇಳೋಣವೆಂದರೂ ಮನಸ್ಸು ಬರುತ್ತಿಲ್ಲ.