ನಿಮ್ಮ ಹೆಸರಿನ ಕಲ್ಲು

ನನ್ನ ಮೇಷ್ಟ್ರಿಗೆ, ಕುರಿಗಾರರ ಮನೆಯ ಜಯಮ್ಮ ಬರೆಯುವುದು.

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನಿಮಗೆ ಖುಷಿಯಾಗುವ ಸುದ್ದಿ ಒಂದೂ ಇಲ್ಲ. ನೀವು ತೀರಿಹೋಗಿ ಎಂಟು ವರ್ಷವಾಯಿತು. ಇಷ್ಟು ದಿನ ಒಂದಕ್ಷರ ಬರೆಯದವಳು ಈಗ ಬರೆಯುತ್ತಿದ್ದೇನೆ, ಯಾಕೆಂದರೆ ತಪ್ಪು ಮಾಡಿದವಳು ನಾನೇ. ಬೇರೆ ಯಾರ ಮುಂದೆ ಹೇಳಿಕೊಳ್ಳಲಿ?

ನಿಮ್ಮ ಪಡಸಾಲೆಗೆ ನಾನು ಮೊದಲು ಬಂದ ಸಂಜೆ ನೆನಪಿದೆಯೇ? ಹಗಲೆಲ್ಲ ಕುರಿ ಹಿಂದೆ ಅಲೆದು, ಕಾಲಿಗೆ ಚುಚ್ಚಿದ ಮುಳ್ಳನ್ನೂ ಕೀಳದೆ ಬಾಗಿಲಾಚೆಯೇ ನಿಂತಿದ್ದೆ. “ಒಳಗೆ ಬಾರೇ, ಅಕ್ಷರ ಏನ್ ಕಚ್ಚಲ್ಲ,” ಅಂದಿರಿ. ಸ್ಕೂಲಿನ ಮುಖ ಕಾಣದ ನಮ್ಮಂಥ ಹೆಣ್ಣುಮಕ್ಕಳಿಗೆಲ್ಲ ಆ ಪಡಸಾಲೆಯಲ್ಲಿ ಓದು ಬಂತು. ಮುಂದೆ ನನಗೆ ಅಂಗನವಾಡಿ ಕೆಲಸ ಸಿಕ್ಕಿದ್ದೂ ಅದರಿಂದಲೇ.

ಒಂದು ಸಲ ನಾನೂ ಗೌರಿಯೂ ಸೇರಿ ಶಾರದಾ ಪೂಜೆ ಅಂತ ಪುಸ್ತಕಗಳಿಗೆಲ್ಲ ಕುಂಕುಮ ಬಳಿದಿದ್ದೆವು. ಎಂಥ ಸಿಟ್ಟು ನಿಮಗೆ! “ಕುಂಕುಮ ಹಚ್ಚಿದ್ರೆ ಓದಿದಂಗಾತೇನ್ರೇ? ನೋಡ್ರೇ ಇಲ್ಲಿ, ಅಕ್ಷರನೇ ಕಾಣ್ತಿಲ್ಲ.” ಎದೆಯ ಮೇಲಿನ ಲಿಂಗವೊಂದನ್ನು ಬಿಟ್ಟು ಯಾವ ಕಲ್ಲಿಗೂ ಕೈ ಮುಗಿದವರಲ್ಲ ನೀವು. ನಿಮಗೆ ನಾವು ಎಂಥ ಗತಿ ತಂದೆವು ಗೊತ್ತೇ ಮೇಷ್ಟ್ರೇ...

ನೀವು ಹೋದ ಮರುವರ್ಷ ಚಿತ್ರದುರ್ಗಕ್ಕೆ ಹೋಗಿದ್ದೆ. ಅಲ್ಲೊಂದು ಹಳೆಯ ಮನೆಯ ಗೋಡೆಯಲ್ಲಿ, ಆ ಮನೆಯಲ್ಲಿ ಯಾರು ಬಾಳಿದ್ದರು ಅಂತ ಬರೆದ ಕಲ್ಲು ಕಂಡಿತು. ಆಗಲೇ ನಮ್ಮೂರ ರಸ್ತೆ ಅಗಲ ಮಾಡುತ್ತಾರೆ ಎಂಬ ಮಾತು ಎದ್ದಿತ್ತು. ನಿಮ್ಮ ತಂಗಿಯ ಮಗ ಹೊಸದುರ್ಗ ಸೇರಿ ನಿಮ್ಮ ಮನೆಗೆ ಬೀಗ ಬಿದ್ದಿತ್ತು. ಇಂಥ ಕಲ್ಲು ಕೂರಿಸಿದ ಮನೆಯನ್ನು ಯಾರು ತಾನೇ ಕೆಡವುತ್ತಾರೆ ಅಂದುಕೊಂಡಿತು ನನ್ನ ದಡ್ಡ ಬುದ್ಧಿ. ನಿಮ್ಮ ಹತ್ತಿರ ಓದಿದವರೆಲ್ಲ ಸೇರಿ ಕರಿ ಕಲ್ಲಿನಲ್ಲಿ ಕೆತ್ತಿಸಿದೆವು: “ಈ ಮನೆಯ ಪಡಸಾಲೆಯಲ್ಲಿ ಶಿವಲಿಂಗಪ್ಪ ಮೇಷ್ಟ್ರು ಊರ ಹೆಣ್ಣುಮಕ್ಕಳಿಗೆ ಓದು ಕಲಿಸಿದರು.” ಬಾಗಿಲ ಪಕ್ಕದ ಗೋಡೆಯಲ್ಲಿ ಕೂರಿಸಿದ ದಿನ ಯಾರೋ ತೆಂಗಿನಕಾಯಿ ತಂದರು. ಬೇಡ ಅನ್ನಬೇಕಿತ್ತು. ಒಳ್ಳೆಯ ಕೆಲಸವಲ್ಲವೇ, ಒಡೆಯಲಿ ಅಂತ ಸುಮ್ಮನಿದ್ದೆ.

ಗೌರಿಯ ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋಗುವಾಗ ಗೌರಿ ಆ ಕಲ್ಲಿಗೊಂದು ಹೂವಿಟ್ಟಳು. ಹುಡುಗಿ ಪಾಸಾಯಿತು. ಸರಿ, ಮುಂದಿನ ವರ್ಷ ಓಣಿಯ ಮಕ್ಕಳೆಲ್ಲ ಹಾಲ್ ಟಿಕೆಟ್ ತಂದು ಕಲ್ಲಿಗೆ ಮುಟ್ಟಿಸಿದರು! ಎಣ್ಣೆ ಬಂತು, ಕುಂಕುಮ ಬಂತು, ಊದುಬತ್ತಿ ಬಂತು. ಎರಡೇ ವರ್ಷಕ್ಕೆ ನೀವು ಮೇಷ್ಟ್ರಪ್ಪ ದೇವರಾದಿರಿ. ನಾನು ಹುಣಸೆಹಣ್ಣು ಹಚ್ಚಿ ಉಜ್ಜಿ ಅಕ್ಷರ ಬಿಡಿಸುವುದು, ಅವರು ಮತ್ತೆ ಬಳಿಯುವುದು. ಕೊನೆಗೆ ಮೈಲಿಗೆ ಮಾಡುತ್ತೀಯ ಅಂತ ನನ್ನನ್ನೇ ಬೈದರು.

ಕೆಡವುವುದಕ್ಕೆ ಅಂತ ಮನೆಗೆ ಕೆಂಪು ಗುರುತು ಹಾಕಿದ ವಾರ ರಸ್ತೆ ಸಾಹೇಬರು ಪಂಚಾಯ್ತಿ ಮುಂದೆ ಸಭೆ ಕರೆದರು. ಮನೆ ಬಿಟ್ಟುಕೊಡುತ್ತೇನೆ ಅಂತ ನಿಮ್ಮ ತಂಗಿಯ ಮಗ ಆಗಲೇ ಸಹಿ ಹಾಕಿದ್ದ. ಆದರೂ ನಾನು ಅರ್ಜಿ ಹಿಡಿದು ಹೋದೆ. ಊರೆಲ್ಲ ಎದ್ದು ನಿಂತು ಕೂಗಿತು. ಏನಂತ? “ಮನೆ ಏನಾರ ಮಾಡ್ಕಳ್ರಿ ಸಾಹೇಬ್ರೇ, ದೇವ್ರನ್ನ ಮಾತ್ರ ಹುಷಾರಾಗಿ ತೆಗೀರಿ.” ನನಗೆ ತಡೆಯಲಾಗಲಿಲ್ಲ. “ಅದು ದೇವ್ರಲ್ರಪ್ಪ! ಒಬ್ಬ ಮನುಷ್ಯನ ಹೆಸರು! ಆ ಪಡಸಾಲೆ ಉಳಿಸ್ರಿ,” ಅಂತ ಕಿರುಚಿದೆ. ಗೌರಿ ನನ್ನ ಸೆರಗು ಹಿಡಿದು ಕೂರಿಸಿದಳು. “ಸುಮ್ನಿರೇ ಜಯ, ದೇವ್ರಲ್ಲ ಅಂದ್ರೆ ಕಲ್ಲನ್ನೂ ಎತ್ತಿ ಬಿಸಾಕ್ತಾರೆ.” ನಾನು ಬಾಯಿ ಮುಚ್ಚಿಕೊಂಡೆ. ಹೇಳಿ, ಇನ್ನೇನು ಮಾಡಬೇಕಿತ್ತು?

ಕೆಡವಿದ ದಿನ ಬೆಳಿಗ್ಗೆ ಡೊಳ್ಳು ಬಡಿಯುತ್ತಾ ಕಲ್ಲನ್ನು ತೊಳೆದು ಎತ್ತಿಕೊಂಡು ಹೋದರು. ಅರಳಿಮರದ ಹತ್ತಿರ ತಗಡು ಹೊದಿಸಿದ ಗುಡಿ ಕಟ್ಟಿದ್ದರು. ಜನವೆಲ್ಲ ಅಲ್ಲಿ. ಇಲ್ಲಿ ಜೆಸಿಬಿ ನಿಮ್ಮ ಪಡಸಾಲೆಗೆ ಕೈ ಹಾಕಿದಾಗ ನೋಡುತ್ತಾ ನಿಂತವಳು ನಾನೊಬ್ಬಳೇ. ಅರ್ಧ ಗಂಟೆಯೂ ಹಿಡಿಯಲಿಲ್ಲ ಮೇಷ್ಟ್ರೇ. ಅಷ್ಟು ಸಲೀಸಾಗಿ ಬಿದ್ದುಹೋಗುತ್ತದೆಯೇ ಒಂದು ಮನೆ? ನನಗೆ ಅಳುವುದಕ್ಕೂ ನಾಚಿಕೆಯಾಯಿತು.

ಮಾರನೆಯ ದಿನ ಗುಡಿಗೆ ಹೋದೆ. ಹೆಸರಾದರೂ ಉಳಿಯಿತಲ್ಲ, ಒಂದು ಸಲ ಓದಿಕೊಂಡು ಬರೋಣ ಅಂತ. ವಿಭೂತಿ ಸರಿಸಿ ನೋಡಿದರೆ ಕಲ್ಲು ನುಣ್ಣಗಿದೆ. ಅಕ್ಷರವೇ ಇಲ್ಲ. ಬರೆದ ಮುಖ ಗೋಡೆಯ ಕಡೆಗೆ, ಸಿಮೆಂಟಿನೊಳಗೆ. ಗೌರಿಗೆ ಹೇಳಿದರೆ, “ಪ್ರತಿಷ್ಠೆ ಆದ್ಮ್ಯಾಲೆ ಕೀಳಬಾರ್ದು ಕಣೇ,” ಅಂದುಬಿಟ್ಟಳು. ಕಲ್ಲು ಕೂರಿಸಿದವನು ಗಾರೆ ಕೆಲಸದ ರುದ್ರ. ನಮ್ಮ ಪಕ್ಕದಲ್ಲೇ ಕೂತು ನಿಮ್ಮ ಹತ್ತಿರ ಓದಿದ ಹಾಲಮ್ಮನ ಮಗ. ಅವನ ಮನೆಗೇ ಹೋಗಿ ಕೇಳಿದೆ: “ಲೇ ರುದ್ರ, ಕಲ್ಲನ್ನ ಯಾಕೋ ಹಿಂದುಮುಂದಾಗಿ ಕೂರಿಸಿದೀಯ?”

“ಎಲ್ಲೈತಕ್ಕ ಹಿಂದುಮುಂದು? ಆ ಕಡೆ ಬರೀ ಗೀರು ಗೀರು ಇತ್ತು. ದೇವ್ರ ಮುಖ ಸಾಪಾಗಿರ್ಬೇಕಲ್ಲ ಅಂತ ತಿರುಗಿಸಿದೆ.”

“ಅದು ಅಕ್ಷರ ಕಣೋ!”

“ಇರ್ಬೋದು. ನಂಗೆಲ್ಲಿ ಓದಾಕೆ ಬರ್ತೈತಕ್ಕ?”

ಅವನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ ನನಗೆ. ಹಾಲಮ್ಮ ಬೇಗ ಸತ್ತಳು, ಇವನು ಎಳೆ ವಯಸ್ಸಿಗೇ ಗಾರೆ ಬಾಂಡ್ಲಿ ಹೊತ್ತ. ಅದೇ ಊರಲ್ಲಿ ನಾನಿದ್ದೆ. ಅಂಗನವಾಡಿ ಬಾಗಿಲು ಹಾಕಿ ಮನೆಗೆ ಹೋಗಿ ಟೀವಿ ನೋಡುತ್ತಿದ್ದೆ. ಕಲ್ಲಿಗಾಗಿ ಓಡಾಡಿದ್ದರಲ್ಲಿ ಕಾಲುಭಾಗ ಇವನಿಗಾಗಿ ಓಡಾಡಿದ್ದರೆ... “ದಿನಾ ಸಂಜೆ ನಮ್ಮನೆಗೆ ಬಾರೋ, ನಾನು ಕಲಿಸ್ತೀನಿ,” ಅಂದೆ. ರುದ್ರ ನಕ್ಕುಬಿಟ್ಟ.

“ಈ ವಯಸ್ನಾಗೆ ಓದಿ ಏನ್ ಮಾಡಾನಕ್ಕ? ನನ್ ಮಕ್ಳು ಪಾಸಾಗ್ಲಿ ಅಂತ ಮೇಷ್ಟ್ರಪ್ಪಗೆ ಒಂದ್ ಕಾಯಿ ಒಡೆದ್ರಾತು.”

ಹನ್ನೊಂದು ದಿನದಿಂದ ಹೋಗಿ ಕರೆಯುತ್ತಿದ್ದೇನೆ, ಮೇಷ್ಟ್ರೇ. ಅವನು ಬಂದಿಲ್ಲ. ನಾಳೆಯೂ ಹೋಗಿ ಕರೆಯುತ್ತೇನೆ. ಬರುತ್ತಾನೆಂಬ ನಂಬಿಕೆ ನನಗಿಲ್ಲ.