ಆರದ ಯಂತ್ರ

ಛುನ್-ಸಿಯೋಂಗ್ ಅಣ್ಣಾ,

ನಿನ್ನ ಕಂಪ್ಯೂಟರಿಗೆ ವಯಸ್ಸಾಯಿತು, ಗುಜರಿಗೆ ಹಾಕಿ ಹೊಸದು ಕೊಳ್ಳಿ ಎಂದು ಅದರ ತಂತ್ರಾಂಶದ ಕಂಪನಿ ಅಪ್ಪಣೆ ಹೊರಡಿಸಿತು. ಯಾರಪ್ಪನ ಅಪ್ಪಣೆ? ಇವತ್ತು ಅವರ ತಂತ್ರಾಂಶವನ್ನು ಕಿತ್ತೆಸೆದು, ನೀನು ಸಾಯುವವರೆಗೂ ಹೊಗಳುತ್ತಿದ್ದ ಲಿನಕ್ಸ್ ಹಾಕಿದೆ. "ಇದು ಒಬ್ಬರ ಸ್ವತ್ತಲ್ಲ ಕಣೇ, ಎಲ್ಲರದೂ" ಎನ್ನುತ್ತಿದ್ದೆಯಲ್ಲ, ಅದನ್ನೇ.

ಸೀಬೆಹಣ್ಣು ಹೆಚ್ಚಿ ತಂದ ಅತ್ತಿಗೆ ನಕ್ಕರು: "ಬದುಕಿದ್ದಾಗ ಅವರ ಮಾತು ಒಂದಾದ್ರೂ ಕೇಳಿದ್ಯೇನೇ?"

ನಾನು ಪರದೆಯನ್ನೇ ನೋಡುತ್ತಿದ್ದೆ. ನಮ್ಮೂರು ತೈನಾನ್‌ನ ಮಧ್ಯಾಹ್ನದ ಬಿಸಿಲಲ್ಲಿ ಅದು ನೀಲಿ ಕೊಳದಂತೆ ಅಲುಗುತ್ತಿತ್ತು. ಈ ಯಂತ್ರಕ್ಕೆ ಏನು ಹೆಸರಿಡಲಿ ಎಂದು ಕೇಳಿತು. ನಿನ್ನ ಹೆಸರು ಕೊಟ್ಟೆ.

ಸಂಜೆ ಅತ್ತಿಗೆಯ ಫೋನಿನಲ್ಲಿ, ಮನೆಯ ವೈಫೈಗೆ ಸೇರಿದ ಯಂತ್ರಗಳ ನಡುವೆ ಆ ಹೆಸರು ಮೂಡಿತು.

"ನೋಡೇ, ಬಂದಿದ್ದಾರೆ!"

ಕಂಪ್ಯೂಟರ್ ಆರಿಸಲು ಹೊರಟ ನನ್ನ ಕೈಯನ್ನು ಹಿಡಿದುಕೊಂಡರು. ಅದಿನ್ನೂ ಆರಿಲ್ಲ, ಅಣ್ಣಾ.